ಟ್ರೇಲರ್ ಬ್ರೇಕು: ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ?



ಕಳೆದ ಸಂಚಿಕೆಯಲ್ಲಿ ಸಂಘದ ಆಸ್ತಿ ಪುಸ್ತಕ ಬರೆಯುವುದು ಹೇಗೆ ಎಂದು ಕಲಿತೆವು. ಅದನ್ನು ಓದಿದ ಮೇಲೆ ಒಂದು ಸಂಘದ ಪ್ರತಿನಿಧಿ ನನ್ನನ್ನು ಹುಡುಕಿಕೊಂಡು ಬಂದರು. “ಸಿಸ್ಟರ್, ಪುಸ್ತಕದಲ್ಲಿ ಟ್ರೇಲರ್ ಅಂತ ಬರೆದಿದ್ದೀವಿ, ಬೆಲೆನೂ ಬರೆದಿದ್ದೀವಿ. ಆದ್ರೆ ಅದರ ಬ್ರೇಕು ಹೋಗಿದೆ. ಅದನ್ನ ಎಲ್ಲಿ ಬರೀಬೇಕು?” ಎಂದರು. ಈ ತಿಂಗಳ ಪಾಠ ಹುಟ್ಟಿದ್ದು ಆ ಪ್ರಶ್ನೆಯಿಂದ. ಸಭೆಯಲ್ಲಿ ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿ. ನಿಮ್ಮ ಸಂಘಕ್ಕೆ ಟ್ರೇಲರ್ ಇಲ್ಲದಿದ್ದರೂ ಓದಿ. ನಿಮ್ಮ ಮನೆಯಲ್ಲೋ ಅಣ್ಣನ ಮನೆಯಲ್ಲೋ ಒಂದು ಇದ್ದೇ ಇರುತ್ತದೆ.

ಆ ಸಂಘದ ಕಥೆ ಹೀಗೆ. ಕಬ್ಬು, ಭತ್ತ ಬೆಳೆಯುವ ನಾಲೆ ಬಯಲಿನ ಊರು. ಹದಿನಾರು ಜನ ಸದಸ್ಯರು. ಉಳಿತಾಯದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ನಾಲ್ಕು ಗಾಲಿಯ ಹಳೆಯ ಟ್ರೇಲರ್ ಒಂದನ್ನು ಕೊಂಡರು. ಟ್ರ್ಯಾಕ್ಟರ್ ಒಬ್ಬ ಸದಸ್ಯೆಯ ಗಂಡನದು, ಓಡಿಸುವವನು ಇನ್ನೊಬ್ಬರ ಮಗ. ಕಬ್ಬು, ಗೊಬ್ಬರ, ಇಟ್ಟಿಗೆ, ಹುಲ್ಲು ಎಲ್ಲಾ ಸಾಗಿಸಿ ಬಾಡಿಗೆ ಬರುತ್ತಿತ್ತು. ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ದಿನ ಕಬ್ಬು ತುಂಬಿಕೊಂಡು ನಾಲೆ ಏರಿಯಿಂದ ಕೆಳಗೆ ಇಳಿಯುವಾಗ ಹುಡುಗ ಬ್ರೇಕ್ ತುಳಿದ. ಟ್ರ್ಯಾಕ್ಟರ್ ನಿಧಾನವಾಯಿತು, ಟ್ರೇಲರ್ ಆಗಲಿಲ್ಲ. ಹಿಂದಿನಿಂದ ದೂಡಿಕೊಂಡು ಬಂದು ಟ್ರ್ಯಾಕ್ಟರನ್ನು ಅಡ್ಡಡ್ಡ ತಿರುಗಿಸಿತು. ಪುಣ್ಯಕ್ಕೆ ನಾಲೆ ಕಡೆಗೆ ತಿರುಗಲಿಲ್ಲ, ಗದ್ದೆ ಕಡೆಗೆ ತಿರುಗಿತು. ಹುಡುಗನ ಮೊಣಕೈ ತರಚಿತು, ಕಬ್ಬು ಚೆಲ್ಲಿತು, ಅಷ್ಟೇ.

ಮುಂದಿನ ಸಭೆಯಲ್ಲಿ ಮೂರು ಮಾತು ಬಂದವು. ಪೇಟೆಯ ಒಬ್ಬ ಮೆಕ್ಯಾನಿಕ್ ಹೇಳಿದ್ದು: “ಹಳೇದು ಬಿಸಾಕಿ, ಬ್ರೇಕ್ ಇರೋ ಹೊಸ ಆಕ್ಸಲ್ ಹಾಕ್ಸಿ, 52,000 ಆಗ್ತದೆ.” ಊರಿನ ವೆಲ್ಡಿಂಗ್ ಶಾಪಿನವನು ಹೇಳಿದ್ದು: “ಲೈನರ್ ಹಾಕಿ ಬಿಗಿ ಮಾಡ್ತೀನಿ, 9,000 ಕೊಡಿ.” ಮೂರನೆಯದು ಸಂಘದ ಒಳಗಿನಿಂದಲೇ ಬಂದ ಮಾತು: “ಇಷ್ಟು ದಿನ ನಡೀಲಿಲ್ವಾ? ಹುಡುಗನಿಗೆ ಹುಷಾರಾಗಿ ಓಡ್ಸು ಅಂತ ಹೇಳಿದ್ರೆ ಸಾಕು ಕಣಕ್ಕ.” ನನಗೆ ಹೆಚ್ಚು ಹೆದರಿಕೆ ಆದದ್ದು ಈ ಮೂರನೆಯ ಮಾತಿಗೆ. ಯಾಕೆಂದರೆ ಅದಕ್ಕೆ ಖರ್ಚಿಲ್ಲ, ಎಲ್ಲರೂ ಬೇಗ ಒಪ್ಪುತ್ತಾರೆ.

ನಾನು ಓದಿದ್ದು ಸಮಾಜಕಾರ್ಯ, ಮೆಕ್ಯಾನಿಕ್ ಕೆಲಸ ಅಲ್ಲ. ಹಾಗಾಗಿ ಸಾರಿಗೆ ಡಿಪೋದಲ್ಲಿ ಬಹಳ ವರ್ಷ ಬ್ರೇಕ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರನ್ನು ಕರೆದುಕೊಂಡು ಹೋದೆ. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಅವರ ಜೊತೆ ಗಾಲಿ ಪಕ್ಕ ಕೂತು ಕಲಿತದ್ದು. ಹದಿನಾರು ಜನ ಸದಸ್ಯರಲ್ಲಿ ಹನ್ನೊಂದು ಜನ ಬಂದಿದ್ದರು. ಮೊದಲು “ಅದೆಲ್ಲ ಗಂಡಸರ ವಿಷಯ” ಎಂದು ದೂರ ನಿಂತಿದ್ದವರು, ಡ್ರಮ್ಮು ಬಿಚ್ಚಿದ ಮೇಲೆ ಸುತ್ತ ಮುತ್ತಿಕೊಂಡರು.

ಬ್ರೇಕಿಲ್ಲದ ಟ್ರೇಲರ್ ಏನು ಮಾಡುತ್ತದೆ

ಮೊದಲು ಒಂದು ಲೆಕ್ಕ. ಟ್ರ್ಯಾಕ್ಟರ್ ತೂಕ ಸುಮಾರು 2 ಟನ್ ಎಂದಿಟ್ಟುಕೊಳ್ಳಿ. ತುಂಬಿದ ಟ್ರೇಲರ್ 5 ಟನ್. ಗಂಟೆಗೆ 20 ಕಿಲೋಮೀಟರ್ ವೇಗ, ಅಂದರೆ ಸೈಕಲ್ ಜೋರಾಗಿ ತುಳಿದಷ್ಟು. ಬರೀ ಟ್ರ್ಯಾಕ್ಟರ್ ಆದರೆ ಒಳ್ಳೆಯ ಬ್ರೇಕಿಗೆ ಸುಮಾರು 3 ಮೀಟರಿನಲ್ಲಿ ನಿಲ್ಲಬಹುದು. ಅದೇ ಬ್ರೇಕು ಈಗ 2 ಟನ್ ಬದಲು 7 ಟನ್ ನಿಲ್ಲಿಸಬೇಕು. ಸಮತಟ್ಟಾದ ರಸ್ತೆಯಲ್ಲೇ ಸುಮಾರು 11 ಮೀಟರ್ ಬೇಕು. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಂಥ ಇಳಿಜಾರು ಆದರೆ ಸುಮಾರು 34 ಮೀಟರ್. ಅದು ಚಕ್ರ ಜಾರದಿದ್ದರೆ. ಮಳೆ ಬಿದ್ದ ಮಣ್ಣಿನ ಏರಿಯಲ್ಲಿ ಚಕ್ರ ಜಾರದೇ ಇರುವುದುಂಟೇ? ಡ್ರೈವರ್ ನೋಡಿ, ಕಾಲು ಎತ್ತಿ, ಬ್ರೇಕ್ ತುಳಿಯುವ ಹೊತ್ತಿಗೆ ಹೋಗುವ ದೂರವನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ. ವೇಗ ಎರಡರಷ್ಟಾದರೆ ನಿಲ್ಲುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ.

ಇದು ಹುಷಾರಾಗಿ ಓಡಿಸುವ ಪ್ರಶ್ನೆ ಅಲ್ಲ ಎಂದು ಇದರಿಂದ ತಿಳಿಯುತ್ತದೆ. ಎಷ್ಟೇ ಒಳ್ಳೆಯ ಹುಡುಗನಾದರೂ 5 ಟನ್ ಹಿಂದಿನಿಂದ ದೂಡಿದರೆ ಅವನು ಏನೂ ಮಾಡಲಾರ.

ಹುಡುಗನ ಕೈಲಿ ಇರುವ ಎರಡು ವಿಷಯ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು, ಎರಡು ಬ್ರೇಕ್ ಪೆಡಲ್ ಇರುತ್ತವೆ. ಗದ್ದೆಯಲ್ಲಿ ತಿರುಗಿಸುವಾಗ ಒಂದೇ ತುಳಿಯಲಿ ಎಂದು ಹಾಗೆ ಮಾಡಿದ್ದಾರೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಸೇರಿಸುವ ಚಿಲಕ ಹಾಕಲೇಬೇಕು. ಹಾಕದೇ ಒಂದು ಕಡೆ ಮಾತ್ರ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಅಲ್ಲೇ ತಿರುಗಿ ಮಗುಚುತ್ತದೆ. ಇನ್ನೊಂದು, ಡೀಸೆಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಡುವ ಚಾಳಿ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಬೇಕು. ಎಂಜಿನ್ನೇ ಅರ್ಧ ಬ್ರೇಕ್ ಕೆಲಸ ಮಾಡುತ್ತದೆ.

ನಿಮ್ಮ ಟ್ರೇಲರ್‌ಗೆ ಯಾವ ಬ್ರೇಕು ಇದೆ?

ಈ ಪ್ರಶ್ನೆಗೆ ಆ ಸಂಘದಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮೂರು ವರ್ಷ ಬಾಡಿಗೆ ತಿಂದವರಿಗೆ! ನಾಚಿಕೆ ಬೇಡ, ಎಷ್ಟೋ ಕಡೆ ಓಡಿಸುವವರಿಗೇ ಗೊತ್ತಿರುವುದಿಲ್ಲ.

ಎಷ್ಟೋ ಹಳೆಯ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. ಗುಜರಿಯಿಂದ ತಂದ ಲಾರಿ ಆಕ್ಸಲ್ ಮೇಲೆ ಡಬ್ಬ ಕೂರಿಸಿರುತ್ತಾರೆ. ಗಾಲಿ ಒಳಗೆ ಡ್ರಮ್ಮು ಕಾಣುತ್ತದೆ, ಬ್ರೇಕ್ ಇದೆ ಎಂದು ನಾವು ಅಂದುಕೊಳ್ಳುತ್ತೇವೆ, ಬಿಚ್ಚಿ ನೋಡಿದರೆ ಒಳಗೆ ಖಾಲಿ. ಕೆಲವಕ್ಕೆ ನಿಲ್ಲಿಸಿದಾಗ ಎಳೆಯುವ ಕೈ ಬ್ರೇಕ್ ಮಾತ್ರ ಇರುತ್ತದೆ, ಓಡುವಾಗ ಅದರಿಂದ ಉಪಯೋಗ ಇಲ್ಲ. ಕೆಲವಕ್ಕೆ ಟ್ರ್ಯಾಕ್ಟರಿನಿಂದ ಎಣ್ಣೆ ಪೈಪು ಬಂದು ಹೈಡ್ರಾಲಿಕ್ ಬ್ರೇಕ್ ಹಿಡಿಯುತ್ತದೆ. ಇದರಲ್ಲಿ ಒಂದು ಎಚ್ಚರಿಕೆ: ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯಿಂದ ನಡೆಯುವ ಬ್ರೇಕಿಗೆ ಕಾರಿನ ಬ್ರೇಕ್ ಆಯಿಲ್ ಹಾಕಬಾರದು. ಒಳಗಿನ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ.

ನಮ್ಮ ಕಥೆಯ ಟ್ರೇಲರ್‌ಗೆ ಇದ್ದದ್ದು ದೂಡು ಬ್ರೇಕು. ಮೆಕ್ಯಾನಿಕ್‌ಗಳು ಓವರ್‌ರನ್ ಎನ್ನುತ್ತಾರೆ. ಅದರ ಯುಕ್ತಿ ಸರಳ. ಟ್ರ್ಯಾಕ್ಟರ್ ನಿಧಾನ ಆದಾಗ ಟ್ರೇಲರ್ ಮುಂದೆ ನುಗ್ಗುತ್ತದಲ್ಲ, ಆ ನುಗ್ಗುವ ಬಲಕ್ಕೆ ಮುಂದಿನ ಕೊಂಡಿಯ ದಂಡ ಸ್ವಲ್ಪ ಒಳಗೆ ಸರಿಯುತ್ತದೆ. ಸರಿದಾಗ ಒಂದು ಸರಳನ್ನು ಎಳೆಯುತ್ತದೆ. ಸರಳು ಗಾಲಿಯ ಒಳಗಿನ ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮು ಎರಡು ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ದೂಡುವ ಟ್ರೇಲರ್ ತಾನೇ ತನ್ನನ್ನು ಹಿಡಿದುಕೊಳ್ಳುತ್ತದೆ, ನೋಡಿ.

ಇದರಲ್ಲಿ ಒಂದು ತೊಂದರೆ ಉಂಟು. ಹಿಂದಕ್ಕೆ ತೆಗೆಯುವಾಗಲೂ ದಂಡ ಒಳಗೆ ಸರಿಯುತ್ತದೆ, ಬ್ರೇಕ್ ಹಿಡಿದು ಗಾಲಿ ತಿರುಗುವುದಿಲ್ಲ. ಅದಕ್ಕೇ ರಿವರ್ಸ್ ತೆಗೆಯುವಾಗ ಹಾಕಿ, ಆಮೇಲೆ ತೆಗೆಯುವ ಒಂದು ತಡೆ ಇರುತ್ತದೆ. ಆ ಹಿರಿಯರು ಟ್ರೇಲರ್ ಮುಂದೆ ಕೂತು ನೋಡಿ ನಕ್ಕರು. ಸರಿಯುವ ದಂಡಕ್ಕೆ ದಪ್ಪ ತಂತಿ ಸುತ್ತಿ ಬಿಗಿದಿತ್ತು, ತುಕ್ಕು ಹಿಡಿದಿತ್ತು. ಕಾರ್ಖಾನೆ ಅಂಗಳದಲ್ಲಿ ಹತ್ತು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ, ಪ್ರತಿ ಸಲ ಇಳಿದು ತಡೆ ಹಾಕುವುದು ಯಾರು ಎಂದು ಯಾವನೋ ಕಟ್ಟಿಬಿಟ್ಟಿದ್ದ. ಬಹುಶಃ ಮಾರಿದವನ ಕಾಲದಲ್ಲೇ. ಅಂದರೆ ಈ ಸಂಘದವರು ಕೊಂಡ ದಿನದಿಂದ ಆ ಬ್ರೇಕು ಒಂದು ಸಲವೂ ಹಿಡಿದಿಲ್ಲ.

“ಹಂಗಾದ್ರೆ ತಂತಿ ಬಿಚ್ಚಿದ್ರೆ ಆಯ್ತಲ್ಲ ಅಣ್ಣ?” ಎಂದರು ಒಬ್ಬ ಸದಸ್ಯೆ. ಒಳ್ಳೆಯ ಪ್ರಶ್ನೆ. ಆಗಲಿಲ್ಲ. ಬಳಸದೇ ಬಿಟ್ಟ ಬ್ರೇಕು ಸುಮ್ಮನೆ ಇರುವುದಿಲ್ಲ, ಒಳಗೇ ಕೆಡುತ್ತದೆ.

ಬಿಚ್ಚಿ ನೋಡದೇ ತೀರ್ಮಾನ ಬೇಡ

ಆ ಇಬ್ಬರು ಮೆಕ್ಯಾನಿಕ್‌ಗಳೂ ದರ ಹೇಳಿದ್ದು ಗಾಲಿ ಬಿಚ್ಚದೆ. ಡಾಕ್ಟರು ನಾಡಿಯನ್ನೂ ಹಿಡಿಯದೆ ಆಪರೇಷನ್ ದರ ಹೇಳಿದ ಹಾಗೆ. ರಿಪೇರಿಯೋ ಹೊಸದೋ ಎಂಬುದಕ್ಕೆ ಉತ್ತರ ಡ್ರಮ್ಮಿನ ಒಳಗಿದೆ. ಬಿಚ್ಚಿ ನೋಡುವುದಕ್ಕೆ ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ.

ಬಿಚ್ಚುವಾಗ ಟ್ರೇಲರ್ ಖಾಲಿ ಇರಬೇಕು, ನೆಲ ಗಟ್ಟಿ ಇರಬೇಕು. ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಚಾಸಿ ಕೆಳಗೆ ದಪ್ಪ ಮರದ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ತಲೆ ಹಾಕಬೇಡಿ. ಒಳಗಿನ ಕಪ್ಪು ಧೂಳನ್ನು ಬಾಯಲ್ಲಿ ಊದಬಾರದು, ಗಾಳಿ ಪೈಪಿನಿಂದಲೂ ಊದಿಸಬಾರದು. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಅದರ ಎಳೆ ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷಗಳ ನಂತರ ಕಾಯಿಲೆ ತರುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಲಿ. ಬ್ರೇಕ್ ಕೆಲಸ ಮಾಡುವ ಗಂಡಸರ ಬಟ್ಟೆ ಒಗೆಯುವವರು ನಾವೇ ತಾನೇ? ಒಣಗಿದ ಬಟ್ಟೆ ಕೊಡವದೇ ಮೊದಲು ನೀರಿಗೆ ಹಾಕಿ. ಇದನ್ನು ಯಾವ ಮೆಕ್ಯಾನಿಕ್ಕೂ ನಿಮಗೆ ಹೇಳುವುದಿಲ್ಲ.

ಈಗ ಏನು ನೋಡಬೇಕು. ಶೂ ಮೇಲೆ ಅಂಟಿರುವ ಲೈನರ್ ಬ್ರೇಕಿನ ಸವೆಯುವ ಭಾಗ, ಚಪ್ಪಲಿಯ ಅಟ್ಟೆ ಇದ್ದ ಹಾಗೆ. ರಿವೆಟ್ ಹೊಡೆದು ಕೂರಿಸಿದ್ದರೆ ರಿವೆಟ್ ತಲೆ ಲೈನರ್ ಮೇಲ್ಮೈಗಿಂತ ಒಳಗಿರಬೇಕು. ತಲೆ ಮೇಲೆ ಬಂದು ಹೊಳೆಯುತ್ತಿದ್ದರೆ ಲೈನರ್ ಆಯುಸ್ಸು ಮುಗಿದಿದೆ, ಅದು ಡ್ರಮ್ಮನ್ನೂ ಗೀರುತ್ತಿದೆ. ಲೈನರ್ ಸವೆದಷ್ಟೂ ಕ್ಯಾಮು ಹೆಚ್ಚು ತಿರುಗಬೇಕಾಗುತ್ತದೆ. ತೀರಾ ಸವೆದರೆ ಅಡ್ಡಬಿದ್ದು ಅಲ್ಲೇ ಸಿಕ್ಕಿಕೊಳ್ಳಲೂಬಹುದು.

ಲೈನರ್ ದಪ್ಪ ಇದ್ದೂ ಎಣ್ಣೆ ಗ್ರೀಸು ಕುಡಿದು ಕಪ್ಪಾಗಿ ಹೊಳೆಯುತ್ತಿದ್ದರೆ? ಸೀಮೆಎಣ್ಣೆಯಲ್ಲಿ ತೊಳೆದು, ಬೆಂಕಿಗೆ ಹಿಡಿದು ಒಣಗಿಸಿ ಮತ್ತೆ ಹಾಕುವವರಿದ್ದಾರೆ. ಒಪ್ಪಬೇಡಿ. ಒಳಗೆ ಹೀರಿದ ಗ್ರೀಸು ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಲೈನರ್ ಬದಲಿಸಲೇಬೇಕು. ಅದಕ್ಕಿಂತ ಮುಖ್ಯ, ಗ್ರೀಸು ಎಲ್ಲಿಂದ ಬಂತು ಎಂದು ಕೇಳಬೇಕು. ಬೇರಿಂಗಿನ ಆಯಿಲ್ ಸೀಲ್ ಹರಿದಿರುತ್ತದೆ. ಸೀಲ್ ಬದಲಿಸದೇ ಹೊಸ ಲೈನರ್ ಹಾಕಿದರೆ ಸೂರು ಸೋರುವಾಗ ನೆಲ ಸಾರಿಸಿದ ಹಾಗೆ.

ಡ್ರಮ್ಮಿನ ಒಳಗೆ ಬೆರಳು ಆಡಿಸಿ. ನುಣುಪಾಗಿದ್ದರೆ ಒಳ್ಳೆಯದು. ಗೀರು ಬಿದ್ದಿದ್ದರೆ ಲೇತ್‌ಗೆ ಕೊಟ್ಟು ತೆಳ್ಳಗೆ ಹೆರೆಸಬಹುದು. ಆದರೆ ಅದಕ್ಕೆ ಮಿತಿ ಇದೆ. ಎಷ್ಟು ಅಗಲದ ತನಕ ಹೆರೆಯಬಹುದು ಎಂದು ಬಹಳಷ್ಟು ಡ್ರಮ್ಮಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಹೆಚ್ಚು ಹೆರೆದ ಡ್ರಮ್ಮು ಬಿಸಿ ತಾಳದೆ ಒಡೆಯುತ್ತದೆ. ಬಿರುಕು ಕಂಡರೆ ಮಾತೇ ಬೇಡ, ಗುಜರಿಗೆ. ಬಿರುಕಿಗೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವನ ಅಂಗಡಿಗೆ ಮತ್ತೆ ಹೋಗಬೇಡಿ.

ಆಮೇಲೆ ಸ್ಪ್ರಿಂಗು, ಕ್ಯಾಮಿನ ಬುಷ್ಷು, ಸರಳಿನ ಪಿನ್ನುಗಳು. ಇವೆಲ್ಲ ಸಣ್ಣ ಸಾಮಾನು, ಕಡಿಮೆ ಬೆಲೆ. ಬಿಚ್ಚಿದ ಮೇಲೆ ಇವನ್ನು ಬದಲಿಸದೇ ಬಿಡುವುದು ಜಾಣತನವಲ್ಲ.

ಆ ಟ್ರೇಲರ್‌ನಲ್ಲಿ ಸಿಕ್ಕಿದ್ದು ಇಷ್ಟು. ಎಡಗಡೆ ಲೈನರ್ ಗ್ರೀಸು ಕುಡಿದಿತ್ತು, ಸೀಲು ಹರಿದಿತ್ತು. ಬಲಗಡೆ ಲೈನರ್ ರಿವೆಟ್ ತನಕ ಸವೆದಿತ್ತು, ಅದು ಹಿಂದಿನ ಯಜಮಾನನ ಕಾಲದ್ದು. ಡ್ರಮ್ಮು ಗೀರಿತ್ತು, ಬಿರುಕಿರಲಿಲ್ಲ, ಹೆರೆಯಲು ಇನ್ನೂ ದಪ್ಪ ಉಳಿದಿತ್ತು. ಸರಿಯುವ ದಂಡ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬ್ರೇಕಿಗೆ ಸಂಬಂಧವಿಲ್ಲದ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಕಣ್ಣು ಒಂದು ಕಡೆ ಅರ್ಧಕ್ಕರ್ಧ ಸವೆದು ತೆಳ್ಳಗಾಗಿತ್ತು. ಬ್ರೇಕು ಕೆಟ್ಟು ದಿನವೂ ಗುದ್ದಿ ಗುದ್ದಿ ಸವೆದದ್ದು ಅದು. ಹೊಸ ಆಕ್ಸಲ್ ಹಾಕಿಸಿ ಆ ಕೊಂಡಿ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ.

ಹಣದ ಲೆಕ್ಕ

ಮರದ ಕೆಳಗೆ ಕೂತು ಕಾರ್ಯದರ್ಶಿಯ ಕೈಲೇ ಲೆಕ್ಕ ಬರೆಸಿದೆವು. ನಾಲ್ಕು ಶೂಗೆ ಹೊಸ ಲೈನರ್ 3,600. ಎರಡು ಡ್ರಮ್ಮು ಹೆರೆಸಲು 1,600. ಸೀಲು, ಸ್ಪ್ರಿಂಗು, ಬುಷ್ಷು 2,300. ಬೇರಿಂಗ್ 2,000. ದಂಡ, ಸರಳು, ಪಿನ್ನು ಸರಿ ಮಾಡಲು 2,000. ಕೂಲಿ 3,500. ಒಟ್ಟು 15,000. ಕೊಂಡಿ ಕಣ್ಣಿಗೆ ಬೇರೆ 3,000. ಇದು ಅವರ ಪೇಟೆಯ ದರ, ನಿಮ್ಮಲ್ಲಿ ಬೇರೆ ಇರುತ್ತದೆ. ಅಂಕಿ ಬಿಡಿ, ಲೆಕ್ಕ ಮಾಡಿದ ರೀತಿ ನೋಡಿ.

9,000 ಹೇಳಿದವನ ಲೆಕ್ಕದಲ್ಲಿ ಸೀಲು, ಬೇರಿಂಗು, ಡ್ರಮ್ಮು ಹೆರೆಸುವುದು ಯಾವುದೂ ಇರಲಿಲ್ಲ. ಅವನ ಕೆಲಸ ಒಂದು ಹಂಗಾಮೂ ಬರುತ್ತಿರಲಿಲ್ಲ. ಕಡಿಮೆ ದರ ಎನ್ನುವುದು ಎಷ್ಟೋ ಸಲ ಅರ್ಧ ಕೆಲಸದ ದರ.

ಹಾಗಾದರೆ 15,000ದ ರಿಪೇರಿಯೋ 52,000ದ ಹೊಸದೋ? ಬಹಳ ಜನ ಇಲ್ಲಿ ಕಡಿಮೆ ಅಂಕಿ ನೋಡಿ ನಿಲ್ಲುತ್ತಾರೆ. ಅದು ತಪ್ಪು. ಎಷ್ಟು ವರ್ಷ ಬರುತ್ತದೆ ಎಂದು ಭಾಗಿಸಬೇಕು. ಅವರ ಓಡಾಟಕ್ಕೆ ರಿಪೇರಿ ಮೂರು ವರ್ಷ ಬರಬಹುದು ಎಂದರು ಹಿರಿಯರು. ಅಂದರೆ ವರ್ಷಕ್ಕೆ 5,000. ಹೊಸ ಆಕ್ಸಲ್ ಹತ್ತು ವರ್ಷ ಬಂದರೆ ವರ್ಷಕ್ಕೆ 5,200. ಹೆಚ್ಚುಕಡಿಮೆ ಒಂದೇ! ಸದಸ್ಯರೆಲ್ಲ ಮುಖ ಮುಖ ನೋಡಿಕೊಂಡರು.

ಆಗ ಅವರಲ್ಲಿ ಒಬ್ಬರು, ಹೆಚ್ಚು ಓದಿದವರಲ್ಲ, ಸರಿಯಾದ ಪ್ರಶ್ನೆ ಕೇಳಿದರು. “ಅಣ್ಣ, ಆಕ್ಸಲ್ಲು ಹತ್ತು ವರ್ಸ ಬರ್ತದೆ ಸರಿ. ಆದ್ರೆ ಈ ಡಬ್ಬ ಹತ್ತು ವರ್ಸ ಬರ್ತದಾ?” ಅಣ್ಣ ಎದ್ದು ಹೋಗಿ ಚಾಸಿಯ ಉದ್ದ ಕಂಬಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದರು. ಗೊಬ್ಬರ ಸಾಗಿಸಿದ ಟ್ರೇಲರ್ ಕೆಳಗಿನಿಂದ ಬೇಗ ತುಕ್ಕು ತಿನ್ನುತ್ತದೆ. ಎರಡು ಕಡೆ ಪದರ ಪದರವಾಗಿ ಉದುರಿತು. “ಐದು ವರ್ಷ, ಅದೂ ಚೆನ್ನಾಗಿ ನೋಡಿಕೊಂಡರೆ” ಎಂದರು. ಐದು ವರ್ಷದ ಟ್ರೇಲರ್‌ಗೆ ಹಾಕಿದರೆ ಹೊಸ ಆಕ್ಸಲ್ ವರ್ಷಕ್ಕೆ 10,400 ಬೀಳುತ್ತದೆ. ಆಮೇಲೆ ಆಕ್ಸಲ್ ಬಿಚ್ಚಿ ಬೇರೆ ಟ್ರೇಲರ್‌ಗೆ ಹಾಕಬಹುದು ಎನ್ನುವುದು ನಿಜ, ಆದರೆ ಅಳತೆ ಹೊಂದಬೇಕು, ಮತ್ತೆ ಕೂಲಿ ಕೊಡಬೇಕು. ಅದನ್ನು ನಂಬಿ ಸಾಲ ಮಾಡುವಂತಿಲ್ಲ.

ಸಾಲ ಎಂದೆನಲ್ಲ, ಬಡ್ಡಿಯನ್ನೂ ಸೇರಿಸಿ. ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಇಟ್ಟುಕೊಂಡಿದ್ದಾರೆ. 52,000ಕ್ಕೆ ಮೊದಲ ತಿಂಗಳೇ 1,040 ರೂಪಾಯಿ ಬಡ್ಡಿ. 15,000ಕ್ಕೆ 300. ನಮ್ಮದೇ ಸಂಘದ ದುಡ್ಡು, ಬಡ್ಡಿ ಯಾಕೆ ಎನ್ನಬೇಡಿ. ಆ ದುಡ್ಡು ಒಬ್ಬ ಸದಸ್ಯೆಗೆ ಹಸು ಕೊಳ್ಳಲು ಹೋಗಬೇಕಾಗಿದ್ದ ದುಡ್ಡು.

ಆ ಸಂಘ ರಿಪೇರಿ ಮಾಡಿಸಿತು. ಆದರೆ ಇದನ್ನು ಓದಿ ನೀವೂ ರಿಪೇರಿಯೇ ಸರಿ ಎಂದುಕೊಳ್ಳಬೇಡಿ. ಅವರ ಡ್ರಮ್ಮಿನಲ್ಲಿ ಬಿರುಕಿದ್ದಿದ್ದರೆ, ಗಾಲಿ ಕೂರುವ ಆಕ್ಸಲ್ ತುದಿ ಸವೆದು ಬೇರಿಂಗ್ ಸಡಿಲವಾಗಿ ಕೂರುವಂತಿದ್ದರೆ, ಅಥವಾ ಗುಜರಿ ಆಕ್ಸಲ್ ಆಗಿ ಶೂ ಸಿಗದೇ ಬೇರೆ ಯಾವುದೋ ಶೂ ಕತ್ತರಿಸಿ ಕೂರಿಸುವ ಪರಿಸ್ಥಿತಿ ಇದ್ದರೆ, ನಾನೇ ಹೊಸದು ಹಾಕಿಸಿ ಎನ್ನುತ್ತಿದ್ದೆ. ಬ್ರೇಕೇ ಇಲ್ಲದ ಆಕ್ಸಲ್ ಆದರೆ ರಿಪೇರಿ ಎಂಬ ಮಾತೇ ಇಲ್ಲ, ಬ್ರೇಕ್ ಇರುವ ಆಕ್ಸಲ್ ಹಾಕಿಸಬೇಕು. ಇನ್ನು ಚಾಸಿಯೇ ಕೊಳೆತಿದ್ದರೆ ಎರಡೂ ಬೇಡ. ಗುಜರಿಗೆ ತೂಕಕ್ಕೆ ಹಾಕಿ ಬಂದ ಹಣವನ್ನು ಬೇರೆ ಟ್ರೇಲರ್‌ಗೆ ಸೇರಿಸಿ. ಮೂರು ವರ್ಷ ಅನ್ನ ಕೊಟ್ಟ ವಸ್ತುವನ್ನು ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಮುದಿ ಎತ್ತಿನ ವಿಷಯದಲ್ಲೂ ಹಾಗೇ ಅಲ್ಲವೇ.

ಎಷ್ಟು ತುಂಬಬೇಕು? ಇದೇ ನಿಜವಾದ ಜಗಳ

ರಿಪೇರಿ ಬಗ್ಗೆ ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಜಗಳ ಆದದ್ದು ಇದರ ಮೇಲೆ.

ಕಬ್ಬಿನ ಬಾಡಿಗೆ ಟನ್ ಲೆಕ್ಕ. ಹೆಚ್ಚು ತುಂಬಿದಷ್ಟೂ ಹೆಚ್ಚು ದುಡ್ಡು. 5 ಟನ್ನಿಗೆ ಮಾಡಿದ ಟ್ರೇಲರ್‌ಗೆ 8, 10 ಟನ್ ಹೇರುತ್ತಾರೆ. ಹಿರಿಯರು ನೇರವಾಗಿ ಹೇಳಿದರು: ಹತ್ತು ಟನ್ ತುಂಬುವುದಾದರೆ ನೀವು ಹಳೆ ಬ್ರೇಕ್ ರಿಪೇರಿ ಮಾಡಿಸಿದರೂ ಒಂದೇ, ಹೊಸದು ಹಾಕಿಸಿದರೂ ಒಂದೇ. ಲೈನರ್ ಕಾದು ಹಿಡಿತ ಬಿಡುತ್ತದೆ. ಉದ್ದ ಇಳಿಜಾರಿನಲ್ಲಂತೂ ದೂಡು ಬ್ರೇಕು ಬಿಡದೇ ಉಜ್ಜುತ್ತಲೇ ಇರುತ್ತದೆ, ಅಷ್ಟು ಭಾರಕ್ಕೆ ಅದು ತಾಳುವುದಿಲ್ಲ.

ಟ್ರ್ಯಾಕ್ಟರ್ ಯಜಮಾನರ ಹೆಂಡತಿಗೆ ಸಿಟ್ಟು ಬಂತು. “ಐದೇ ಟನ್ ತುಂಬಿದ್ರೆ ಡೀಸೆಲ್ ದುಡ್ಡು ಹುಟ್ಟಲ್ಲ. ಬೇರೆಯವರೆಲ್ಲ ತುಂಬಲ್ವಾ? ನಮ್ಗೊಬ್ರಿಗೇ ಕಾನೂನಾ?” ಅವರ ಮಾತಿನಲ್ಲಿ ಸುಳ್ಳಿಲ್ಲ. ಬಡವರ ವ್ಯಾಪಾರ ನಿಂತಿರುವುದೇ ಇಂಥ ಹೆಚ್ಚುವರಿ ಭಾರದ ಮೇಲೆ. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಡ್ರೈವರ್ ಹುಡುಗನ ತಾಯಿ ಅಲ್ಲೇ ಕೂತಿದ್ದರು. ಅವರು ಬಹಳ ಹೊತ್ತು ಮಾತಾಡದೆ, ಕೊನೆಗೆ, “ಸೀಟಲ್ಲಿ ಕೂರೋನು ನನ್ನ ಮಗ ಕಣಕ್ಕ” ಎಂದರು. ಅಷ್ಟೇ ಹೇಳಿದ್ದು.

ಕೊನೆಗೆ ಠರಾವು ಬರೆದರು. ಟ್ರೇಲರ್ ಆರ್.ಸಿ.ಯಲ್ಲಿ ಬರೆದಿರುವ ಭಾರಕ್ಕಿಂತ ಹೆಚ್ಚು ತುಂಬಬಾರದು. ಅದರಿಂದ ಕಡಿಮೆಯಾಗುವ ಬಾಡಿಗೆಗೆ ಒಂದು ವರ್ಷ ಸಂಘಕ್ಕೆ ಬರುವ ಪಾಲನ್ನು ಇಳಿಸಿಕೊಳ್ಳಬೇಕು, ಟ್ರ್ಯಾಕ್ಟರಿನವರ ಪಾಲು ಇಳಿಸಬಾರದು. ನಷ್ಟವನ್ನು ಹದಿನಾರು ಜನ ಹಂಚಿಕೊಂಡರು. ಒಬ್ಬರ ತಲೆ ಮೇಲೆ ಹಾಕಿದ್ದರೆ ಆ ಠರಾವು ಪುಸ್ತಕದಲ್ಲೇ ಉಳಿಯುತ್ತಿತ್ತು.

ಆರ್.ಸಿ. ಯಾರ ಹೆಸರಿನಲ್ಲಿದೆ?

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಟ್ರ್ಯಾಕ್ಟರಿಗೆ ಬೇರೆ, ಟ್ರೇಲರ್‌ಗೆ ಬೇರೆ ನೋಂದಣಿ. ಟ್ರ್ಯಾಕ್ಟರ್ ವಿಮೆಯಲ್ಲಿ ಟ್ರೇಲರ್ ನಂಬರ್ ಸೇರಿದೆಯೇ ಎಂದು ಪಾಲಿಸಿ ತೆಗೆದು ನೋಡಿ. ಸೇರಿಲ್ಲದಿದ್ದರೆ ಅಪಘಾತ ಆದಾಗ ವಿಮೆ ಕಂಪನಿಯವರು ತಕರಾರು ತೆಗೆಯುತ್ತಾರೆ.

ಹಳೆಯದು ಕೊಂಡವರು ಹೆಸರು ಬದಲಾಯಿಸದೇ ಬಿಟ್ಟಿರುತ್ತೀರಿ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಘದ ಪರವಾಗಿ ಒಬ್ಬ ಸದಸ್ಯೆಯ ಹೆಸರಿನಲ್ಲಿ ಆರ್.ಸಿ. ಇದ್ದರೆ ಕೋರ್ಟಿನ ನೋಟಿಸು ಬರುವುದು ಆ ತಾಯಿಯ ಮನೆಗೆ. ಬ್ರೇಕಿನ ಖರ್ಚು ಮುಂದೂಡೋಣ ಎಂದು ಕೈ ಎತ್ತುವ ಮೊದಲು ಅವರ ಮುಖ ಒಂದು ಸಲ ನೋಡಿ.

ಟ್ರೇಲರ್‌ನಲ್ಲಿ ಜನ ಕೂರುವ ವಿಷಯ. ನಾಟಿಗೆ, ಕಬ್ಬು ಕಡಿಯಲು, ಜಾತ್ರೆಗೆ, ಮದುವೆಗೆ ಹೋಗುವುದು ನಾವೇ ಹೆಂಗಸರು ಮಕ್ಕಳು. 2018ರ ಜೂನ್‌ನಲ್ಲಿ ತೆಲಂಗಾಣದ ಯಾದಾದ್ರಿ ಭುವನಗಿರಿ ಜಿಲ್ಲೆಯಲ್ಲಿ ಹೊಲದ ಕೂಲಿಗೆ ಹೊರಟ ಹೆಂಗಸರಿದ್ದ ಟ್ರ್ಯಾಕ್ಟರ್ ಮೂಸಿ ನಾಲೆಗೆ ಮಗುಚಿ 15 ಜನ ತೀರಿಕೊಂಡರು. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಕಡೆ, ದೇವಸ್ಥಾನದಿಂದ ಮರಳುತ್ತಿದ್ದವರ ಟ್ರೇಲರ್ ಕೆರೆಗೆ ಬಿದ್ದು 25ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಇವು ಬ್ರೇಕ್ ಕೆಟ್ಟು ಆದವು ಎಂದು ನಾನು ಹೇಳುತ್ತಿಲ್ಲ. ಬ್ರೇಕು ಸರಿ ಮಾಡಿಸಿದ್ದೇವೆ, ಇನ್ನು ಜನ ಕೂರಬಹುದು ಎಂದು ಯಾರೂ ಅಂದುಕೊಳ್ಳಬಾರದು ಎಂದು ಹೇಳುತ್ತಿದ್ದೇನೆ. ಟ್ರೇಲರ್ ಇರುವುದು ಸಾಮಾನಿಗೆ.

ಕೆಲಸ ಮಾಡಿಸುವಾಗ

ಹಂಗಾಮು ಶುರುವಾಗುವ ಒಂದು ತಿಂಗಳು ಮೊದಲೇ ಕೊಡಿ. ಕಬ್ಬು ನಿಂತಿರುವಾಗ ಕೊಟ್ಟರೆ ಮೆಕ್ಯಾನಿಕ್ಕೂ ಅವಸರ ಮಾಡುತ್ತಾನೆ, ನೀವೂ ಅವಸರ ಮಾಡುತ್ತೀರಿ. ಎರಡೂ ಗಾಲಿಗೆ ಒಟ್ಟಿಗೇ ಲೈನರ್ ಹಾಕಿಸಿ. ಒಂದೇ ಕಡೆ ಹೊಸದಾದರೆ ಬ್ರೇಕ್ ಹಿಡಿದಾಗ ಟ್ರೇಲರ್ ಆ ಕಡೆ ಎಳೆಯುತ್ತದೆ. ಬಿಚ್ಚಿದ ಹಳೆಯ ಸಾಮಾನೆಲ್ಲ ಒಂದು ಚೀಲಕ್ಕೆ ಹಾಕಿ ವಾಪಸ್ ಕೊಡಲು ಹೇಳಿ. ಹಳೆಯದು ವಾಪಸ್ ಕೇಳುವ ಗಿರಾಕಿಗೆ ಯಾರೂ ಹಾಕದ ಸಾಮಾನಿನ ಬಿಲ್ ಬರೆಯುವುದಿಲ್ಲ. ಬಿಲ್ಲು ಸಂಘದ ಹೆಸರಿನಲ್ಲಿರಲಿ, ಬಾಕಿ ಹಣದಲ್ಲಿ ಸ್ವಲ್ಪ ಪರೀಕ್ಷೆ ಆದ ಮೇಲೆ ಕೊಡಿ.

ಪರೀಕ್ಷೆ ಹೀಗೆ ಮಾಡಿದೆವು. ಮೊದಲು ಖಾಲಿ ಟ್ರೇಲರ್, ಸಮತಟ್ಟು ಮಣ್ಣಿನ ರಸ್ತೆ, ನಿಧಾನ ವೇಗ. ಬ್ರೇಕ್ ಹಿಡಿದಾಗ ಎರಡೂ ಗಾಲಿ ಒಂದೇ ಸಮನೆ ಗೀರು ಎಳೆಯಬೇಕು. ಆಮೇಲೆ ಅರ್ಧ ಭಾರ ತುಂಬಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಡ್ರಮ್ಮಿನ ಹತ್ತಿರ ಕೈ ಹಿಡಿದು ಬಿಸಿ ನೋಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಕಾದು ಇನ್ನೊಂದು ತಣ್ಣಗಿದ್ದರೆ ಹೊಂದಿಕೆ ತಪ್ಪಿದೆ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು, ಮೊದಲ ಕೆಲವು ಟ್ರಿಪ್ ಆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಲೇಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಈ ಸಭೆಯಲ್ಲಿ ಮಾತಾಡಿಕೊಳ್ಳಲು: ನಮ್ಮ ಊರಿನ ಟ್ರೇಲರ್‌ಗಳಲ್ಲಿ ಬ್ರೇಕ್ ಇರುವುದು ಎಷ್ಟಕ್ಕೆ? ಆರ್.ಸಿ., ವಿಮೆ ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ? ನಮ್ಮ ಸಂಘದ ಬೇರೆ ಯಾವ ವಸ್ತುವಿಗೆ, ಹಿಟ್ಟಿನ ಗಿರಣಿಯೋ ಹೊಲಿಗೆ ಮೆಷಿನ್ನೋ, ಇದೇ ರೀತಿ ವರ್ಷದಿಂದ ಭಾಗಿಸಿ ಲೆಕ್ಕ ಮಾಡಬಹುದು? ರಿಪೇರಿಗೆ ಎಂದೇ ಪ್ರತಿ ಬಾಡಿಗೆಯಿಂದ ಸ್ವಲ್ಪ ತೆಗೆದಿಡುತ್ತೇವೆಯೇ?

ಆ ಸಂಘದವರು ಈಗ ಆಸ್ತಿ ಪುಸ್ತಕದಲ್ಲಿ ಟ್ರೇಲರ್ ಪುಟಕ್ಕೆ ಒಂದು ಕಾಲಂ ಸೇರಿಸಿದ್ದಾರೆ. ತಿಂಗಳಿಗೊಮ್ಮೆ ಇಬ್ಬರು ಸದಸ್ಯೆಯರು ಹೋಗಿ ದಂಡಕ್ಕೆ ಗ್ರೀಸು ಹಾಕಿದೆಯೇ, ಕೊಂಡಿ ಪಿನ್ನಿಗೆ ಲಾಕ್ ಇದೆಯೇ, ಸರಪಳಿ ಇದೆಯೇ, ಮುಖ್ಯವಾಗಿ ಯಾರಾದರೂ ಮತ್ತೆ ತಂತಿ ಕಟ್ಟಿದ್ದಾರೆಯೇ ಎಂದು ನೋಡಿ ಸಹಿ ಹಾಕುತ್ತಾರೆ. ಎರಡನೇ ತಿಂಗಳೇ ಒಮ್ಮೆ ತಂತಿ ಸಿಕ್ಕಿತಂತೆ. ಬಿಚ್ಚಿ ತಂದು ಸಭೆಯ ಚಾಪೆ ಮೇಲೆ ಇಟ್ಟರಂತೆ. ಹುಡುಗನನ್ನು ಕರೆಸಿ ಅವನ ತಾಯಿಯೇ ಮಾತಾಡಿದರು ಎಂದು ಪ್ರತಿನಿಧಿ ಹೇಳಿದರು.